ಮನುಷ್ಯನ ಚಿತ್ರ ಕಲಿಕೆ, ನಾಲ್ಕನೇ ತಿಂಗಳು: ಚೀಲದಾಗ ಏನದ?

ಸೆಪ್ಟೆಂಬರಿನಲ್ಲಿ ಶುರು ಮಾಡಿದ್ದು, ಈಗ ಡಿಸೆಂಬರ್. 100 ಹಾಳೆಯ ನೋಟ್‌ಬುಕ್ ಎರಡು ಮುಗಿದವು, ಮೂರನೆಯದು ಅರ್ಧಕ್ಕೆ ಬಂದಿದೆ. ಹಳೆ ತಕ್ ಪಟ್ಟಿಗಳ (ಮಾಲು ಮಾರಿದ ಲೆಕ್ಕದ ಚೀಟಿಗಳ) ಹಿಂಬದಿಯಲ್ಲಿ ಗೀಚಿದ್ದಕ್ಕೆ ಲೆಕ್ಕ ಇಟ್ಟಿಲ್ಲ. ನಾನು ರಾಯಚೂರಿನ ಗಂಜ್‌ನಲ್ಲಿ ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯ ಗುಮಾಸ್ತ. ದಿನವಿಡೀ ಲೆಕ್ಕ ಬರೆಯುವವನಿಗೆ ಇದೊಂದಾದರೂ ಲೆಕ್ಕವಿಲ್ಲದ್ದು ಇರಲಿ.

ಮೊದಲ ಎರಡು ತಿಂಗಳು ಪೂರ್ತಿ ಅಳತೆಗೇ ಹೋಯಿತು. ನಿಂತ ಮನುಷ್ಯನ ಎತ್ತರ ಸುಮಾರಾಗಿ ಅವನ ತಲೆಯ ಏಳೂವರೆ ಪಟ್ಟು. ಚಿತ್ರ ಚಂದ ಕಾಣಲಿ ಅಂತ ಎಂಟು ಹಿಡಿಯುವವರೂ ಇದ್ದಾರೆ. ಕಣ್ಣು ಬರುವುದು ತಲೆಯ ಸರಿಯರ್ಧದಲ್ಲಿ. ನಾನು ಮೊದಲೆಲ್ಲ ಹಣೆಗೆ ಹತ್ತಿಸಿ ಇಡುತ್ತಿದ್ದೆ. ಮೊಣಕೈ ಸೊಂಟದ ಮಟ್ಟಕ್ಕೆ, ಮಣಿಕಟ್ಟು ತೊಡೆಸಂದಿನ ಮಟ್ಟಕ್ಕೆ. ಪಾದ ಮಾತ್ರ ನಾವು ಅಂದುಕೊಂಡದ್ದಕ್ಕಿಂತ ಉದ್ದ, ಹೆಚ್ಚುಕಡಿಮೆ ಮೊಣಕೈಯಿಂದ ಮಣಿಕಟ್ಟಿನವರೆಗಿನಷ್ಟು. ನಂಬದಿದ್ದರೆ ಕೂತಲ್ಲೇ ಪಾದದ ಪಕ್ಕ ಕೈ ಇಟ್ಟು ನೋಡಿ. ಅಂಗಡಿಯಲ್ಲಿ ನಾನು ಹಾಗೆ ಬಗ್ಗಿ ನೋಡುತ್ತಿದ್ದಾಗ ಸಾವ್ಕಾರರು ಬಂದು, ಏನು ಬಿದ್ದಿದೆ, ಹುಡುಕಲೇನು ಅಂದರು.

ನಮ್ಮ ಶಿಲ್ಪಿಗಳು ಮೂರ್ತಿಗೆ ಹಿಡಿಯುವ ಅಳತೆ, ತಾಳಮಾನವನ್ನೂ ಬಿಡಲಿಲ್ಲ. ಒಂದು ತಾಳಕ್ಕೆ 12 ಅಂಗುಲ, ನವತಾಳದ ಮೂರ್ತಿ 108 ಅಂಗುಲ: ಮುಖ 12, ಕೊರಳು 4, ಕೊರಳಿಂದ ಎದೆ 12, ಎದೆಯಿಂದ ಹೊಕ್ಕಳು 12, ಅಲ್ಲಿಂದ ತೊಡೆಸಂದು 12, ತೊಡೆ 24, ಮಂಡಿ 4, ಕಣಕಾಲು 24, ಪಾದ 4. ಅಂಕಿ ಕಂಡರೆ ಕೂಡಿಸದೆ ಇರಲಾಗದ ಚಟ ನನ್ನದು. ತೊಡೆಸಂದಿನವರೆಗೆ 52 ಬಂತು, ಕೆಳಗೆ 56. ನಾಲ್ಕು ಎಲ್ಲಿ ಹೋಯಿತು? ಈ ಲೆಕ್ಕದಲ್ಲಿ ಮುಖ ಅಂದರೆ ಕೂದಲಂಚಿನಿಂದ ಗದ್ದದವರೆಗೆ. ಮೇಲಿನ ನೆತ್ತಿಗೆ ನಾಲ್ಕು ಅಂಗುಲ ಕೊಟ್ಟರೆ ಎರಡೂ ಕಡೆ 56. ಏಳೂವರೆ ತಲೆಯವರೂ ದೇಹದ ಅರ್ಧ ತೊಡೆಸಂದಿನಲ್ಲೇ ಅನ್ನುತ್ತಾರೆ. ವರ್ಷಾಖೈರಿನ ಖಾತೆ ತಾಳೆ ಬಿದ್ದಷ್ಟು ಖುಷಿಯಾಗಿ ಆ ದಿನ ಪೆನ್ಸಿಲ್ಲನ್ನೇ ಮುಟ್ಟಲಿಲ್ಲ.

ಆದರೆ ನಾನು ಬಿಡಿಸಿದವರು ಯಾರೂ ಮನುಷ್ಯರಂತಿರಲಿಲ್ಲ. ಅಳತೆ ಎಲ್ಲ ಸರಿ, ನಿಂತದ್ದು ಮಾತ್ರ ಜೋಳದ ಹೊಲದ ಬೆದರುಗೊಂಬೆ. ನವೆಂಬರಿನಲ್ಲಿ ಅಳತೆ ಬದಿಗಿಟ್ಟು ಅವಸರದ ಗೀಟಿಗೆ ಇಳಿದೆ. ಒಂದು ಭಂಗಿಗೆ 30 ಸೆಕೆಂಡು, ಹೆಚ್ಚೆಂದರೆ ಎರಡು ನಿಮಿಷ. ಮೊದಲು ತಲೆಯಿಂದ ಕಾಲಿನವರೆಗೆ ಮೈ ಬಾಗಿದ ದಿಕ್ಕಿಗೆ ಒಂದೇ ಗೀಟು. ಆಮೇಲೆ ಹೆಗಲಿಗೊಂದು, ಸೊಂಟಕ್ಕೊಂದು ಅಡ್ಡಗೀಟು. ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತವನ ಆ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಹೆಗಲು ಇಳಿಯುತ್ತದೆ. ಇದನ್ನು ನೋಡಲು ದೊಡ್ಡ ಮ್ಯೂಸಿಯಂ ಬೇಕಿಲ್ಲ, ಚಹಾದಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಗೌಂಡಿ ಗೋಡೆಗೆ ತೂಗುಗುಂಡು ಬಿಟ್ಟ ಹಾಗೆ ಕೊರಳಗುಳಿಯಿಂದ ನೇರ ಕೆಳಕ್ಕೆ ಒಂದು ಗೀಟೆಳೆದರೆ ಅದು ಭಾರ ಹೊತ್ತ ಪಾದದ ಹತ್ತಿರ ಬೀಳಬೇಕು. ಬೀಳದಿದ್ದರೆ ನಿಮ್ಮ ಮನುಷ್ಯ ಬೀಳುತ್ತಾನೆ.

ಈ ಸೂತ್ರ ಕೈಗೆ ಸಿಕ್ಕ ಹುಮ್ಮಸ್ಸಿನಲ್ಲಿ ನಮ್ಮ ಹಮಾಲರನ್ನು ಬಿಡಿಸತೊಡಗಿದೆ. ಈಗ ಸುಗ್ಗಿ, ಒಂದು ಕಡೆ ಹತ್ತಿ, ಇನ್ನೊಂದು ಕಡೆ ಭತ್ತ. ಬೆಳಗಿನಿಂದ ಲಾರಿಗೆ ಹಲಗೆ ಹಚ್ಚಿ ಹತ್ತುವುದು, ಇಳಿಯುವುದು. ಮಾಡೆಲ್‌ಗಳಿಗೆ ಬರವಿಲ್ಲ, ಯಾರೂ ನಿಲ್ಲುವುದಿಲ್ಲ ಅಷ್ಟೆ. ಅರವತ್ತರ ಹತ್ತಿರದ ಹಮಾಲರೊಬ್ಬರು ಬೀಡಿ ಹಚ್ಚಲು ನೆರಳಿಗೆ ಬಂದವರು ನನ್ನ ಹಾಳೆಗೆ ಬಗ್ಗಿ ನೋಡಿದರು.

“ಗುಮಾಸ್ತ್ರೆ, ಇವನ ಚೀಲದಾಗ ಏನದ? ಹತ್ತಿನಾ?”

“ನೆಲ್ಲು, ಕಾಕಾ.”

“ನೆಲ್ಲಿನ ಚೀಲ ಹೊತ್ತು ಇಷ್ಟುದ್ದ ಹೆಜ್ಜಿ ಹಾಕಿದ್ರ ಮಕಾಡೆ ಬೀಳ್ತಾನ್ರಿ. ಸಣ್ಣ ಹೆಜ್ಜಿ ಇಡಬೇಕು. ಎದಿ ಸೆಟಿಸ್ಕೊಂಡು ಹೊಂಟಾನ ನೋಡು, ಮದಿವಿ ಮೆರವಣಿಗ್ಯಾಗ ಹೊಂಟಂಗ.”

ಬೀಡಿ ಮುಗಿಯುವ ಮುಂಚೆಯೇ ಕರೆ ಬಂತು, ಕಾಕಾ ಹೋದರು. ನಾನು ಅವರನ್ನೇ ನೋಡುತ್ತಾ ಕೂತೆ. ಭತ್ತದ ಚೀಲ ಇಲ್ಲಿ 75 ಕಿಲೋ. ಕಾಕಾ ಅಷ್ಟು ತೂಗಲಿಕ್ಕಿಲ್ಲ. ಇಬ್ಬರು ಚೀಲ ಎತ್ತಿ ಬೆನ್ನಿಗೆ ಕೊಟ್ಟ ಗಳಿಗೆಯಲ್ಲಿ ಮಂಡಿ ಒಮ್ಮೆ ಕುಸಿದಂತಾಗಿ ನಿಲ್ಲುತ್ತದೆ. ಸೊಂಟದಿಂದ ಮೇಲಿನ ಮೈ ಮುಂದಕ್ಕೆ ಬಾಗುತ್ತದೆ. ಎಷ್ಟು ಅಂದರೆ, ಚೀಲ ಪಾದಗಳ ನೇರ ಮೇಲಕ್ಕೆ ಬರುವಷ್ಟು. ತಲೆ, ಕೊರಳು ಪಾದಗಳಿಂದ ಒಂದು ಗೇಣು ಮುಂದೆ ಹೋಗಿಬಿಟ್ಟಿರುತ್ತವೆ. ಅಂದರೆ ನನ್ನ ತೂಗುಗುಂಡಿನ ಸೂತ್ರ ಇಲ್ಲಿ ನಡೆಯುವುದಿಲ್ಲ. ಆ ಸೂತ್ರ ಬರಿಗೈಲಿ ನಿಂತವನದು. ಹೊತ್ತವನಿಗೆ ಅವನೂ ಚೀಲವೂ ಸೇರಿ ಒಂದೇ ಭಾರ, ಆ ಒಟ್ಟು ಭಾರದ ಗೀಟು ಪಾದಕ್ಕೆ ಬೀಳಬೇಕು. ನಾನು ಮೊದಲು ಮನುಷ್ಯನನ್ನು ನೆಟ್ಟಗೆ ನಿಲ್ಲಿಸಿ, ಮುಗಿದ ಮೇಲೆ ಚೀಲ ಹೊರಿಸುತ್ತಿದ್ದೆ. ಕಾಕಾಗೆ ಅದು ಹತ್ತಿ ಅನಿಸಿದ್ದರಲ್ಲಿ ತಪ್ಪೇನಿದೆ?

ಈಗ ಚೀಲವನ್ನೇ ಮೊದಲು ಬಿಡಿಸುತ್ತೇನೆ. ಚೀಲ, ಅದರ ಕೆಳಗೆ ಪಾದ, ನಡುವೆ ಉಳಿದ ಜಾಗದಲ್ಲಿ ಮನುಷ್ಯ.

ಭಾನುವಾರ ಕೋಟೆಗೆ ಹೋಗಿದ್ದೆ. ಕಾಕತೀಯರ ಕಾಲದ, 1294ರ ಶಾಸನ ಇರುವ 40 ಅಡಿಗೂ ಮಿಕ್ಕಿದ ಉದ್ದದ ಕಲ್ಲು ಗೋಡೆಯಲ್ಲಿದೆಯಲ್ಲ, ಆ ಕಲ್ಲನ್ನು ಗಾಡಿಯ ಮೇಲೆ ಹೇರಿ ತಂದದ್ದನ್ನು ಅಲ್ಲೇ ಗೀಟಿನಲ್ಲಿ ಕೆತ್ತಿದ್ದಾರೆ. ಗಾಡಿಗೆ ಕಟ್ಟಿದ ಜಾನುವಾರುಗಳ ಉದ್ದ ಸಾಲು, ಅವನ್ನು ಹುರಿದುಂಬಿಸುವವರು, ಹಿಂದಿನಿಂದ ಗಾಲಿಗೆ ಸನ್ನೆಕೋಲು ಕೊಟ್ಟು ನೂಕುವವರು. ಸಣ್ಣವನಿದ್ದಾಗಿನಿಂದ ನೋಡಿದ್ದೇನೆ, ಮಕ್ಕಳ ಚಿತ್ರ ಅಂದುಕೊಂಡಿದ್ದೆ. ಏಳೂವರೆ ತಲೆಯ ಅಳತೆಗೆ ಅದು ಪಾಸಾಗುವುದಿಲ್ಲ. ಆದರೆ ಆ ಗಾಡಿಯ ಮೇಲಿರುವುದು ಹತ್ತಿಯೇನು ಅಂತ ಕಾಕಾ ಕೇಳಲಾರರು. ಮುಂದಿನ ತಿಂಗಳು ಅದನ್ನು ನಕಲು ಮಾಡಬೇಕು.

ಕೈಬೆರಳು ಇನ್ನೂ ಬರುವುದಿಲ್ಲ. ಹಮಾಲರ ಬೆರಳೆಲ್ಲ ಚೀಲದ ಹಿಂದೆ ಅಡಗುವುದರಿಂದ ಸದ್ಯಕ್ಕೆ ಮರ್ಯಾದೆ ಉಳಿದಿದೆ. ನೇರ ನಮ್ಮ ಕಡೆಗೇ ಬಾಗಿ ಬರುವವನನ್ನು ಬಿಡಿಸುವುದು ಇನ್ನೂ ಕಷ್ಟ: ಹಾಳೆಯ ಮೇಲೆ ಮುಂಡ ಒಂದು ತಲೆಯಷ್ಟೂ ಉಳಿಯುವುದಿಲ್ಲ, ಎದೆ ಅಲ್ಲೇ ಇದೆ ಅಂತ ಕೈ ಹಟ ಹಿಡಿಯುತ್ತದೆ. ಒಂದು ಕಣ್ಣು ಮುಚ್ಚಿ, ಕೈ ಪೂರ್ತಿ ಚಾಚಿ ಪೆನ್ಸಿಲ್ಲಿನಲ್ಲಿ ಅಳೆದರೆ ಮಾತ್ರ ನಂಬುತ್ತದೆ.

ನಿನ್ನೆ ಕಾಕಾಗೆ ಹೊಸ ಹಾಳೆಗಳನ್ನು ತೋರಿಸಿದೆ. ಒಂದೊಂದನ್ನೂ ನೋಡಿ, “ಈಗ ನೆಲ್ಲು ತುಂಬ್ಯಾದ” ಅಂದರು. ಆಮೇಲೆ, ಚೀಲ ಇಲ್ಲದ್ದು ಒಂದು ತೆಗೀರಿ, ಮನ್ಯಾಗ ತೋರಸ್ತೀನಿ ಅಂತ ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಿಂತರು. ಎರಡೂ ಕಾಲು ಜೋಡಿಸಿ, ಕೈ ಇಳಿಬಿಟ್ಟು, ಆಧಾರ್ ಫೋಟೋಕ್ಕೆ ನಿಂತ ಹಾಗೆ ಕಡ್ಡಿ ನೆಟ್ಟಗೆ, ಶಿಲ್ಪಿಗಳು ಸಮಭಂಗ ಅನ್ನುವ ಭಂಗಿ. ಕೊರಳಗುಳಿಯಿಂದ ಗೀಟು ಎಳೆದು ಎಡಗಾಲು ಮುಗಿಸುವಷ್ಟರಲ್ಲಿ ಲಾರಿ ಹಾರ್ನ್ ಹೊಡೆಯಿತು.