ಬೇಸಿಗೆಗೆ ಮುನ್ನ ಪಿಕಪ್, ಟ್ರೇಲರ್ ಮತ್ತು ಬಿಸಿಯ ಲೆಕ್ಕ

ಜನವರಿ

ತೊಗರಿ ರಾಶಿ ಮುಗಿಯುವವರೆಗೆ ಗಾಡಿಯ ದೊಡ್ಡ ಕೆಲಸಕ್ಕೆ ಕೈ ಹಾಕುವುದು ಬೇಡವೆಂದು ಕಾದಿದ್ದೆ. ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯವರೆಗೆ ಕಲಬುರಗಿ ಸುತ್ತಲಿನ ಹಳ್ಳಿಯ ರಸ್ತೆಗಳ ಮೇಲೆ ಹೊಟ್ಟು ಹಾರುತ್ತಲೇ ಇರುತ್ತದೆ. ಸೇಡಂ, ಮಳಖೇಡ, ವಾಡಿ ಕಡೆ ಹೋದರೆ ಅದರ ಜೊತೆಗೆ ಸಿಮೆಂಟ್ ಲಾರಿಗಳ ಬೂದು ಧೂಳು. ಆ ದಿನಗಳಲ್ಲಿ ರೇಡಿಯೇಟರ್ ತೊಳೆದರೂ ಅದು ಬಲು ಬೇಗ ಮತ್ತೆ ಮುಚ್ಚಿಕೊಳ್ಳುತ್ತದೆ.

ಗಾಡಿ ಇಸುಜು ವಿ-ಕ್ರಾಸ್. 2.5 ಲೀಟರ್ ಡೀಸೆಲ್ ಎಂಜಿನ್, ಐದು ಗೇರಿನ ಮ್ಯಾನುಯಲ್, ಹೊಗೆ ನಿಯಮದಲ್ಲಿ ಬಿಎಸ್-4. ಶಕ್ತಿ 134 ಅಶ್ವಶಕ್ತಿ, ಟಾರ್ಕ್, ಅಂದರೆ ತಿರುಗಿಸುವ ಬಲ, 320 ನ್ಯೂಟನ್ ಮೀಟರ್. ಭಾರ ಎಳೆಯುವವರು ನೋಡಬೇಕಾದದ್ದು ಎರಡನೆಯ ಅಂಕಿ. ಅದು ನಿಮಿಷಕ್ಕೆ 1,800 ಸುತ್ತಿಗೇ ಕೈಗೆ ಸಿಗುತ್ತದೆ ಎನ್ನುವುದು ಈ ಎಂಜಿನ್ನಿನ ದೊಡ್ಡ ಗುಣ. ಹಿಂದೆ ಕಟ್ಟುವುದು ಒಂದೇ ಆಕ್ಸಲ್ ಇರುವ ಸಣ್ಣ ಕ್ಯಾಂಪರ್ ಟ್ರೇಲರ್. ಒಳಗೆ ಇಬ್ಬರಿಗೆ ಹಾಸಿಗೆ, ಹಿಂಬದಿಯ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ, ಅದರ ಕೆಳಗೆ 60 ಲೀಟರಿನ ನೀರಿನ ಟ್ಯಾಂಕ್.

ಈ ವರ್ಷದ ಎಲ್ಲ ಕೆಲಸಕ್ಕೂ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ: ಬಿಸಿ ಎಲ್ಲಿ ಹುಟ್ಟುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ? ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲು. ಟ್ರೇಲರ್ ಇಲ್ಲದೆ ಓಡುವ ಪಿಕಪ್ಪಿಗೆ ಅದು ದೊಡ್ಡ ಸಂಗತಿಯಲ್ಲ. ಏಳುನೂರು ಕಿಲೋ ಹಿಂದೆ ಕಟ್ಟಿದಾಗ ಎಂಜಿನ್, ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಗೂಡು), ಬ್ರೇಕ್, ಬೇರಿಂಗ್, ಟೈರ್ ಎಲ್ಲವೂ ಒಟ್ಟಿಗೆ ಹೆಚ್ಚು ಬಿಸಿ ಹುಟ್ಟಿಸುತ್ತವೆ. ಆ ಬಿಸಿಯನ್ನು ಒಯ್ಯಬೇಕಾದ ಗಾಳಿಯೇ ಕಾದಿರುತ್ತದೆ. ಕೈಪಿಡಿಯಲ್ಲಿ ‘ಕಠಿಣ ಬಳಕೆ’ ಎಂದು ಬೇರೆ ಪಟ್ಟಿ ಕೊಟ್ಟಿರುತ್ತಾರಲ್ಲ, ನಮ್ಮ ಭಾಗದಲ್ಲಿ ಟ್ರೇಲರ್ ಎಳೆಯುವವರಿಗೆ ಅದೊಂದೇ ಪಟ್ಟಿ. ಇನ್ನೊಂದನ್ನು ಓದುವ ಅಗತ್ಯವೇ ಇಲ್ಲ.

ಫೆಬ್ರವರಿ: ಕಾಂಟಾದ ಮೇಲೆ

ಎಣ್ಣೆಗಿಂತ ಮೊದಲು ತೂಕ. ಎಷ್ಟು ಎಳೆಯುತ್ತಿದ್ದೇವೆ ಎಂದು ತಿಳಿಯದೆ ಉಳಿದ ಲೆಕ್ಕಕ್ಕೆ ಅರ್ಥವಿಲ್ಲ. ದಾಲ್ ಮಿಲ್‌ಗಳಿರುವ ಊರಿನಲ್ಲಿ ಲಾರಿ ತೂಗುವ ಕಾಂಟಾಕ್ಕೆ ಬರವಿಲ್ಲ. ಬೆಳಿಗ್ಗೆ ಲಾರಿಗಳ ಸಾಲು ಬೆಳೆಯುವ ಮುನ್ನ ಹೋಗಿ, ಪ್ರವಾಸಕ್ಕೆ ಹೊರಡುವಂತೆ ದೊಡ್ಡ ಸಾಮಾನೆಲ್ಲ ತುಂಬಿ, ನೀರಿನ ಟ್ಯಾಂಕನ್ನೂ ತುಂಬಿ, ಟ್ರೇಲರನ್ನು ಬಿಚ್ಚಿ ಅದೊಂದನ್ನೇ ನಿಲ್ಲಿಸಿ ತೂಗಿಸಿದೆ. 710 ಕಿಲೋ. ಒಟ್ಟು ತೂಕ 750 ಕಿಲೋ ಮೀರದ ಟ್ರೇಲರುಗಳು ನಮ್ಮ ನಿಯಮಗಳಲ್ಲಿ ಟಿ-1 ವರ್ಗಕ್ಕೆ ಬರುತ್ತವೆ. ಅಂದರೆ ಇನ್ನು ನಲವತ್ತು ಕಿಲೋ ಮಾತ್ರ ಬಾಕಿ. ಇಬ್ಬರ ಬಟ್ಟೆ, ಜೋಳದ ಹಿಟ್ಟು, ಪಾತ್ರೆ ಎಂದು ಸೇರಿಸುತ್ತಾ ಹೋದರೆ ನಲವತ್ತು ಕಿಲೋ ಯಾವ ಲೆಕ್ಕ? ಆದ್ದರಿಂದ ಮಡಚುವ ಕಬ್ಬಿಣದ ಮೇಜು ಮನೆಯಲ್ಲೇ ಉಳಿಯಿತು.

ಅದಕ್ಕಿಂತ ಮುಖ್ಯವಾದದ್ದು ಮೂತಿಯ ಭಾರ, ಅಂದರೆ ಟ್ರೇಲರಿನ ಮುಂದಿನ ಕೊಂಡಿ ಪಿಕಪ್ಪಿನ ಹಿಚ್ (ಟ್ರೇಲರ್ ಸಿಕ್ಕಿಸುವ ಜೋಡಣೆ) ಮೇಲೆ ಹೇರುವ ತೂಕ. ಇದನ್ನು ನೋಡಲು ಎಪಿಎಂಸಿಯ ಪರಿಚಯದ ಅಡತ್ ಅಂಗಡಿಯಿಂದ ಚೀಲ ತೂಗುವ ತಕ್ಕಡಿ ತಂದೆ. ಟ್ರೇಲರನ್ನು ಸಮತಟ್ಟಾಗಿ ನಿಲ್ಲಿಸಿ, ಕೊಂಡಿಯ ಕೆಳಗೆ ನೇರವಾಗಿ ಒಂದು ಮರದ ತುಂಡನ್ನು ತಕ್ಕಡಿಯ ಮೇಲೆ ನಿಲ್ಲಿಸಿದರೆ ಸಾಕು. 46 ಕಿಲೋ ಬಂತು. ಒಟ್ಟು ತೂಕದ ಶೇಕಡಾ 6.5. ಯುರೋಪಿನಲ್ಲಿ ಶೇಕಡಾ 5ರಿಂದ 7 ಸಾಕೆನ್ನುತ್ತಾರೆ, ಅಮೆರಿಕದಲ್ಲಿ 10ರಿಂದ 15 ಬೇಕೆನ್ನುತ್ತಾರೆ. ನಮ್ಮ ಹೆದ್ದಾರಿಯಲ್ಲಿ ಎದುರಿನಿಂದ ಬರುವ ಬಸ್ಸಿನ ಗಾಳಿ ಬಡಿತ, ರಸ್ತೆಯ ಅಂಚಿನ ಇಳಿತ, ಎಚ್ಚರಿಕೆಯ ಫಲಕವಿಲ್ಲದ ಹಂಪ್ ಇವನ್ನೆಲ್ಲ ನೋಡಿದರೆ ನನಗೆ ಶೇಕಡಾ 10ರ ಆಸುಪಾಸೇ ಸರಿ ಅನ್ನಿಸುತ್ತದೆ. ಮೂತಿ ಹಗುರವಾದರೆ ಟ್ರೇಲರ್ ವೇಗದಲ್ಲಿ ಅತ್ತಿತ್ತ ತೂಗಾಡಲು ಶುರು ಮಾಡುತ್ತದೆ. ಒಮ್ಮೆ ತೂಗಾಟ ಬೆಳೆದರೆ ಪಿಕಪ್ಪಿನ ಬಾಲವನ್ನೇ ಎಳೆದಾಡುತ್ತದೆ.

ನೀರಿನ ಟ್ಯಾಂಕ್ ಆಕ್ಸಲ್ಲಿನ ಹಿಂದೆ ಇದೆ. ಅದರಲ್ಲಿನ 60 ಕಿಲೋ ನೀರು ಮೂತಿಯನ್ನು ಮೇಲಕ್ಕೆ ಎತ್ತುತ್ತಿತ್ತು. ಟ್ಯಾಂಕ್ ಸರಿಸುವುದು ದೊಡ್ಡ ಕೆಲಸ. ಬದಲಿಗೆ ಹಿಂಬದಿಯಲ್ಲಿದ್ದ ಬ್ಯಾಟರಿಯನ್ನೂ ಸಣ್ಣ ಗ್ಯಾಸ್ ಸಿಲಿಂಡರನ್ನೂ ಮುಂದಿನ ಪೆಟ್ಟಿಗೆಗೆ ತಂದೆವು. ಸಿಲಿಂಡರಿಗೆ ಬೇರೆ ಖಾನೆ, ತಳದಲ್ಲಿ ಗಾಳಿಯಾಡುವ ರಂಧ್ರ, ಬ್ಯಾಟರಿಯೊಂದಿಗೆ ಒಂದೇ ಗೂಡಿನಲ್ಲಿ ಖಂಡಿತ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ಕೂರುತ್ತದೆ. ಮತ್ತೆ ತೂಗಿದಾಗ 74 ಕಿಲೋ. ಶೇಕಡಾ ಹತ್ತಕ್ಕೆ ಸ್ವಲ್ಪ ಮೇಲೆ. ಈ ಅಂಕಿಯನ್ನು ಸೀಮೆಸುಣ್ಣದಿಂದ ಟ್ರೇಲರ್ ಬಾಗಿಲಿನ ಒಳಬದಿಗೆ ಬರೆದಿಟ್ಟಿದ್ದೇನೆ, ನೀರು ಖಾಲಿಯಿದ್ದಾಗ ಎಷ್ಟು ಎಂಬುದನ್ನೂ ಸೇರಿಸಿ.

ಕಾಗದದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ, ಅದಕ್ಕೆ ಬೇರೆ ನೋಂದಣಿ ಬೇಕು. ಎಳೆಯುವ ಗಾಡಿಯ ಸಂಖ್ಯೆಯನ್ನೂ ಟ್ರೇಲರಿನ ಮೇಲೆ ತೋರಿಸಬೇಕು ಎನ್ನುತ್ತದೆ 61ನೇ ಸೆಕ್ಷನ್. ಹಿಚ್ ಚಾಸಿಗೆ ಬೋಲ್ಟ್ ಆಗಿರಬೇಕು, ಬಂಪರಿಗಲ್ಲ.

ಮಾರ್ಚ್: ತಂಪು ಮಾಡುವ ಕೆಲಸ

ರಿಂಗ್ ರಸ್ತೆಯ ಗ್ಯಾರೇಜಿನ ಚಾಚಾ ನಲವತ್ತು ವರ್ಷಗಳಿಂದ ಡೀಸೆಲ್ ಗಾಡಿಗಳ ಕೆಳಗೇ ಬದುಕಿದವರು. ಗ್ರಿಲ್ ಬಿಚ್ಚಿದ ಕೂಡಲೇ ಅವರು ಎಸಿಯ ಬಿಸಿ ಹೊರಬಿಡುವ ಕಂಡೆನ್ಸರಿಗೂ ಅದರ ಹಿಂದಿನ ರೇಡಿಯೇಟರಿಗೂ ನಡುವಿನ ಸಂದಿಗೆ ಟಾರ್ಚ್ ಹಿಡಿದರು. “ಸಾಹೇಬರೇ, ಹೊರಗಿನಿಂದ ನೋಡಿದರೆ ಶುಭ್ರವಾಗಿದೆ. ಇಲ್ಲಿ ನೋಡಿ.” ಸಂದಿಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಹೊಟ್ಟು, ಹುಳು, ಧೂಳು ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಇದನ್ನು ಮುಂದಿನಿಂದ ನೀರು ಹೊಡೆದು ತೆಗೆಯಲಾಗದು, ಇನ್ನಷ್ಟು ಒಳಕ್ಕೆ ಹೋಗುತ್ತದೆ. ಕಂಡೆನ್ಸರಿನ ಬೋಲ್ಟ್ ಸಡಿಲಿಸಿ ಸ್ವಲ್ಪ ಮುಂದಕ್ಕೆ ವಾಲಿಸಿ, ಎಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಪಂಪ್ ಹಿಡಿದರೆ ಫಿನ್ ಎನ್ನುವ ತೆಳುವಾದ ಲೋಹದ ಪಟ್ಟಿಗಳು ಮಲಗಿಬಿಡುತ್ತವೆ.

ಎಂಜಿನ್ ತಂಪಿಡುವ ದ್ರವ, ಅಂದರೆ ಕೂಲಂಟ್, ಹಳೆಯದಾಗಿತ್ತು, ಪೂರ್ತಿ ಬಸಿದೆವು. ನಮ್ಮ ಬೋರ್‌ವೆಲ್ ನೀರು ಗಡಸು, ಹಂಡೆಯ ತಳದಲ್ಲಿ ಕೂರುವ ಬಿಳಿ ಪದರವೇ ಎಂಜಿನ್ ಒಳಗೂ ಕೂರುತ್ತದೆ. ಆದ್ದರಿಂದ ತೊಳೆಯುವುದಕ್ಕೂ ಡಿಸ್ಟಿಲ್ಡ್ ನೀರೇ. ಹೊಸದು ಗ್ಲೈಕಾಲ್ (ಕೂಲಂಟಿನ ಮೂಲ ದ್ರವ) ಅರ್ಧ, ನೀರು ಅರ್ಧ. ‘ನಮ್ಮಲ್ಲಿ ಹಿಮ ಬೀಳುವುದಿಲ್ಲ, ಬರೀ ನೀರು ಸಾಕು’ ಎನ್ನುವವರು ಇದ್ದಾರೆ. ಅರ್ಧಕ್ಕರ್ಧ ಮಿಶ್ರಣ ತೆರೆದ ಪಾತ್ರೆಯಲ್ಲೇ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ಮುಚ್ಚಳದ ಒತ್ತಡದಲ್ಲಿ ಇನ್ನೂ ಮೇಲೆ ಹೋಗುತ್ತದೆ. ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳಿರುವುದು ಕೂಲಂಟಿನಲ್ಲಿ, ನೀರಿನಲ್ಲಲ್ಲ. ರೇಡಿಯೇಟರ್ ಮುಚ್ಚಳದ ರಬ್ಬರ್ ಗಟ್ಟಿಯಾಗಿತ್ತು, ಅದನ್ನೂ ಬದಲಿಸಿದೆವು. ಬೆಲೆಯಲ್ಲಿ ಸಣ್ಣದು, ಆದರೆ ಒತ್ತಡ ಹಿಡಿಯದಿದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ.

ಬಿಸಿಯೇರಿದಾಗ ಫ್ಯಾನನ್ನು ಬಿಗಿಯಾಗಿ ಹಿಡಿದು ತಿರುಗಿಸುವ ವಿಸ್ಕಸ್ ಕ್ಲಚ್ ನೋಡಲು ಚಾಚಾ ಕಲಿಸಿದ ಕ್ರಮ ಸರಳ. ಎಂಜಿನ್ ಚೆನ್ನಾಗಿ ಕಾದ ಮೇಲೆ ಆಫ್ ಮಾಡಿ, ಕೀಲಿ ತೆಗೆದಿಟ್ಟು, ಫ್ಯಾನನ್ನು ಕೈಯಿಂದ ತಿರುಗಿಸಬೇಕು. ಬಿಗಿಯಾಗಿ ಎದುರು ಒತ್ತಬೇಕು. ಸುಮ್ಮನೆ ಸುತ್ತಿದರೆ ಒಳಗಿನ ಸಿಲಿಕೋನ್ ಎಣ್ಣೆ ಸೋರಿದೆ ಎಂದರ್ಥ. ನಮ್ಮದು ಗಟ್ಟಿಯಾಗಿದೆ.

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್: ಬದಲಾಯಿತು. ಎಳೆಯುವ ತಿಂಗಳುಗಳಲ್ಲಿ ಆಯಿಲ್ಲಿಗೆ 5,000 ಕಿಲೋಮೀಟರ್ ಮಿತಿ ಹಾಕಿಕೊಂಡಿದ್ದೇನೆ.

ಹಿಂದಿನ ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ಬಹುತೇಕ ಜನ ಮರೆಯುತ್ತಾರೆ. ಎಳೆತದ ಒತ್ತಡವೆಲ್ಲ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ಮೇಲೆ ಬೀಳುತ್ತದೆ, ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿರುಗುತ್ತವೆ. ಅದಕ್ಕೇ ಅಲ್ಲಿ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಅದನ್ನೇ ಗೇರ್‌ಬಾಕ್ಸಿಗೂ ಸುರಿಯುವ ಅಭ್ಯಾಸ ಕೆಲವು ಕಡೆ ಇದೆ. ಜಿಎಲ್-5ರ ಗಂಧಕ, ರಂಜಕದ ಸೇರ್ಪಡೆಗಳು ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಹಾನಿ ಮಾಡಬಹುದು. ಗೇರ್‌ಬಾಕ್ಸಿಗೆ ಕೈಪಿಡಿ ಹೇಳಿದ ದರ್ಜೆ ಬಿಟ್ಟು ಬೇರೆ ಬೇಡ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಲೇಪ ಅಂಟಿತ್ತು. ಅದು ಸಹಜ ಸವೆತ. ಚೂರುಗಳು ಸಿಕ್ಕಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ ಒಳಗೆ ನೋಡಬೇಕಿತ್ತು. ಪ್ರೊಪೆಲ್ಲರ್ ಶಾಫ್ಟಿನ ಯು.ಜೆ. ಕ್ರಾಸ್ ಎನ್ನುವ ಕೀಲುಗಳಿಗೆ ಹೊಸ ಗ್ರೀಸ್ ಹೊಡೆದೆವು.

ಬ್ರೇಕ್ ಎಣ್ಣೆ ಪೂರ್ತಿ ಹೊಸದು. ಇದು ಗಾಳಿಯಿಂದ ತೇವ ಹೀರುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಡಾಟ್-4 ದರ್ಜೆಯ ಬ್ರೇಕ್ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತಡೆಯಬೇಕು, ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಎಣ್ಣೆ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಚಕ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಏಪ್ರಿಲ್: ಬೀದರ್ ರಸ್ತೆಯಲ್ಲಿ ಪರೀಕ್ಷೆ

ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ 600 ಮೀಟರಿಗೂ ಮೇಲಿದೆ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಮಹಾಗಾಂವ್ ಕ್ರಾಸ್, ಕಮಲಾಪುರ, ಹುಮನಾಬಾದ್ ದಾಟಿ ಹೋಗುವಾಗ ಕಪ್ಪು ಮಣ್ಣು ಹಿಂದೆ ಉಳಿದು ಕೆಂಪು ಜಂಬಿಟ್ಟಿಗೆಯ ನೆಲ ಶುರುವಾಗುತ್ತದೆ. ಪಶ್ಚಿಮ ಘಟ್ಟದವರು ಇದನ್ನು ಏರು ಎಂದು ಕರೆಯಲಿಕ್ಕಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಟ್ರೇಲರ್ ಕಟ್ಟಿ ಹೋದರೆ ತಿಳಿಯುತ್ತದೆ.

ಡ್ಯಾಶ್‌ಬೋರ್ಡಿನ ತಾಪಮಾನದ ಮುಳ್ಳನ್ನು ನಂಬಿ ಕೂರುವುದು ಸಾಲದು. ಅದು ಸಾಕಷ್ಟು ದೊಡ್ಡ ಅಂತರದವರೆಗೆ ಮಧ್ಯದಲ್ಲೇ ನಿಂತಿರುತ್ತದೆ. ಗಾಡಿಯ ಕಂಪ್ಯೂಟರಿನ ಅಂಕಿ ಓದುವ ಒಬಿಡಿ ಸಾಕೆಟ್ಟಿಗೆ ಸಣ್ಣ ಬ್ಲೂಟೂತ್ ಸಾಧನ ಹಾಕಿ ಮೊಬೈಲಿನಲ್ಲಿ ಕೂಲಂಟಿನ ನಿಜವಾದ ಅಂಕಿ ನೋಡಿದೆ. ಹೊರಗೆ 41 ಡಿಗ್ರಿ, ಎಸಿ ಚಾಲು, ವೇಗ 60. ಏರಿನಲ್ಲಿ 96 ಮುಟ್ಟಿ ಅಲ್ಲೇ ನಿಂತಿತು. ಹಿಂದಿನ ಬೇಸಿಗೆಯಲ್ಲಿ ಇದೇ ರಸ್ತೆಯಲ್ಲಿ 104 ನೋಡಿ ಎಸಿ ಆಫ್ ಮಾಡಿದ್ದೆ. ಎಂಟು ಡಿಗ್ರಿ! ಆ ಸಂದಿಯ ಹೊಟ್ಟು ತೆಗೆದದ್ದಕ್ಕೇ ಇದರಲ್ಲಿ ದೊಡ್ಡ ಪಾಲು ಸಲ್ಲಬೇಕು ಎಂದು ನನ್ನ ನಂಬಿಕೆ.

ಐದನೇ ಗೇರನ್ನು ಏರಿನಲ್ಲಿ ಬಳಸಲಿಲ್ಲ. ನಾಲ್ಕರಲ್ಲಿ ಎಂಜಿನ್ 2,000 ಸುತ್ತಿನ ಮೇಲೆ ಆರಾಮವಾಗಿರುತ್ತದೆ, ನೀರಿನ ಪಂಪ್ ಮತ್ತು ಫ್ಯಾನ್ ಕೂಡ ವೇಗವಾಗಿ ತಿರುಗುತ್ತವೆ. ಕಡಿಮೆ ಸುತ್ತಿನಲ್ಲಿ ಗೊರಗುಟ್ಟಿಸಿಕೊಂಡು ಎಳೆಸಿದರೆ ಡೀಸೆಲ್ ಉಳಿಯುತ್ತದೆ ಎನ್ನುವುದು ತಪ್ಪು ಎಣಿಕೆ. ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸುವುದೂ ಬೇಡ. ಕೆಂಪಗೆ ಕಾದ ಟರ್ಬೊದ ಬೇರಿಂಗಿಗೆ ಎಣ್ಣೆ ಹರಿಯುತ್ತಿರಲಿ ಎಂದು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಬೇಕು, ಇಲ್ಲವಾದರೆ ನಿಂತ ಎಣ್ಣೆ ಅಲ್ಲೇ ಸುಟ್ಟು ಗಟ್ಟಿಯಾಗುತ್ತದೆ.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲು ನಿಂತಾಗ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಟ್ರೇಲರಿನ ಹಬ್‌ಗಳನ್ನು (ಬೇರಿಂಗ್ ಇರುವ ಚಕ್ರದ ನಡುಭಾಗ) ನೋಡಿದೆ. ಎಡಗಡೆ 52 ಡಿಗ್ರಿ, ಬಲಗಡೆ 78. ಎರಡರ ನಡುವೆ ಇಷ್ಟು ವ್ಯತ್ಯಾಸ ಇರಕೂಡದು. ನಿಧಾನವಾಗಿ ಹುಮನಾಬಾದ್‌ವರೆಗೆ ಹೋಗಿ, ಮರದ ನೆರಳಿನಲ್ಲಿ ಜಾಕ್ ಕೊಟ್ಟು ಚಕ್ರ ಎತ್ತಿ ಕೈಯಿಂದ ತಿರುಗಿಸಿದರೆ ಒರಟಾದ ಸದ್ದು. ಕ್ಯಾಪ್ ತೆಗೆದಾಗ ಗ್ರೀಸ್ ಕಪ್ಪಾಗಿ ಒಣಗಿತ್ತು. ಬೇರಿಂಗ್, ಸೀಲ್ ಎರಡೂ ಮೀಸಲಾಗಿ ಪೆಟ್ಟಿಗೆಯಲ್ಲಿದ್ದವು. ಟೇಪರ್ ರೋಲರ್ ಬೇರಿಂಗನ್ನು ಅಂಗೈಯಲ್ಲಿಟ್ಟ ಗ್ರೀಸಿಗೆ ಒತ್ತಿ ಒತ್ತಿ ರೋಲರುಗಳ ನಡುವಿನಿಂದ ಹೊರಬರುವವರೆಗೆ ತುಂಬಬೇಕು, ಮೇಲೆ ಸವರಿದರೆ ಪ್ರಯೋಜನವಿಲ್ಲ. ಚಕ್ರ ತಿರುಗಿಸುತ್ತಾ ನಟ್ ಬಿಗಿದು, ಮತ್ತೆ ಸಡಿಲಿಸಿ, ಬೆರಳಿನ ಬಿಗಿಗೆ ತಂದು ಹೊಸ ಕಾಟರ್ ಪಿನ್ ಹಾಕಿದೆ. ಬೀದರ್ ತಲುಪಿದಾಗ ಎರಡೂ ಕಡೆ ಐವತ್ತರ ಆಸುಪಾಸು. ಅಂದು ಸಂಜೆ ಕೋಟೆಯ ಕಡೆ ನಡೆಯುವಾಗ ಆ ಎರಡು ಅಂಕಿಗಳೇ ನನಗೆ ಹೆಚ್ಚು ಸಂತೋಷ ಕೊಟ್ಟವು.

ಟೈರ್ ಒತ್ತಡವನ್ನು ಬೆಳಿಗ್ಗೆ ತಣ್ಣಗಿದ್ದಾಗ ನೋಡಿದ್ದೇ ಲೆಕ್ಕ. ಮಧ್ಯಾಹ್ನ ಏರಿದ್ದನ್ನು ನೋಡಿ ಗಾಳಿ ಬಿಡಬಾರದು. ಬಿಟ್ಟರೆ ತಣ್ಣಗಾದ ಮೇಲೆ ಒತ್ತಡ ಕಡಿಮೆಯಾಗಿ, ಮರುದಿನ ಟೈರಿನ ಪಕ್ಕ ಹೆಚ್ಚು ಬಾಗಿ ಇನ್ನಷ್ಟು ಕಾಯುತ್ತದೆ.

ಜೂನ್

ಮಳೆ ಬಂತು. ಬಿಸಿ ತಗ್ಗಿತು, ನೀರಿನ ಕಾಟ ಶುರು.

ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಸಿಯುವುದು ಈಗ ವಾರದ ಕೆಲಸ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಕಾಮನ್ ರೈಲಿನ ಇಂಜೆಕ್ಟರುಗಳು ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುತ್ತವೆ, ಹನಿ ನೀರೂ ಅವಕ್ಕೆ ಕೇಡು. ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುತ್ತಿಲ್ಲ. ಖಾಲಿ ಜಾಗದ ತೇವದ ಗಾಳಿಯೇ ರಾತ್ರಿ ನೀರಾಗಿ ಇಳಿಯುತ್ತದೆ.

ಎರೆಮಣ್ಣು ನೆನೆದ ಮೇಲೆ ಟ್ರೇಲರನ್ನು ಡಾಂಬರಿನಿಂದ ಕೆಳಗೆ ಇಳಿಸುವುದಿಲ್ಲ. ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಕಡೆ ಹೋದಾಗಲೂ ಗಟ್ಟಿ ನೆಲ ನೋಡಿಯೇ ನಿಲ್ಲಿಸಿದೆವು. ಟ್ರೇಲರಿನ ನಾಲ್ಕು ಕಾಲುಗಳ ಕೆಳಗೆ ಶಹಾಬಾದ್ ಕಲ್ಲಿನ ತುಂಡು ಇಡುತ್ತೇನೆ, ಅದರ ಮೇಲೆ ಒಂದು ಹಲಗೆ. ಕಾಲಿನ ಮೊನೆ ನೇರವಾಗಿ ಕಲ್ಲಿಗೆ ಕೂತರೆ ಕಲ್ಲು ಸೀಳುತ್ತದೆ.

ಬ್ರೇಕ್ ಒತ್ತಿದಾಗ ಟ್ರೇಲರಿನ ಎಡ ಇಂಡಿಕೇಟರ್ ಮಂದವಾಗಿ ಹೊತ್ತಿಕೊಳ್ಳುತ್ತಿತ್ತು. ಇಂಥದ್ದು ಕಂಡರೆ ಬಲ್ಬ್ ಬಿಚ್ಚುವ ಮೊದಲು ಅರ್ತ್ ನೋಡಬೇಕು. ಏಳು ಪಿನ್ನಿನ ಸಾಕೆಟ್ಟಿನಲ್ಲಿ ಮೂರನೆಯದು, ಬಿಳಿ ತಂತಿ. ಹಸಿರು ತುಕ್ಕು ಹಿಡಿದಿತ್ತು. ಅರ್ತ್ ಕಡಿದಾಗ ಕರೆಂಟು ಬೇರೆ ಬಲ್ಬಿನ ಮೂಲಕ ದಾರಿ ಹುಡುಕುತ್ತದೆ, ಅದಕ್ಕೇ ತಪ್ಪು ದೀಪ ಹೊತ್ತುವುದು. ಸ್ವಚ್ಛ ಮಾಡಿ, ಚಾಸಿಗೆ ಇನ್ನೊಂದು ಅರ್ತ್ ತಂತಿ ಎಳೆದು, ಪಿನ್ನುಗಳಿಗೆ ವ್ಯಾಸಲೀನ್ ಸವರಿದೆ.

ಬಾಕಿ ಉಳಿದದ್ದು ಎರಡು. ಟ್ರೇಲರಿನ ಓವರ್‌ರನ್ ಬ್ರೇಕಿನ ಕೇಬಲ್ ಹಿಗ್ಗಿದೆ. ಪಿಕಪ್ ನಿಧಾನವಾದಾಗ ಟ್ರೇಲರಿನ ತಳ್ಳುವಿಕೆಯೇ ಅದರ ಬ್ರೇಕನ್ನು ಎಳೆಯುವ ಏರ್ಪಾಡು ಅದು. ಈಗ ತುಸು ತಡವಾಗಿ ಹಿಡಿಯುತ್ತಿದೆ. ಕೇಬಲ್ ಬಿಗಿಯುವ ಮುನ್ನ ಡ್ರಮ್ ಬಿಚ್ಚಿ ಶೂ ಸವೆತ ಅಳೆಯಬೇಕು. ಸವೆದ ಶೂಗೆ ಕೇಬಲ್ ಬಿಗಿದು ಸರಿದೂಗಿಸುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು, ಟ್ರೇಲರಿನ ಟೈರುಗಳು. ನೆಲಕ್ಕೆ ತಾಗುವ ಟ್ರೆಡ್ ಚೆನ್ನಾಗಿದ್ದರೂ ಪಕ್ಕದಲ್ಲಿ ಸಣ್ಣ ಬಿರುಕುಗಳು ಕಾಣಿಸಿವೆ. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ತುಂಬುತ್ತಿದೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬಂದಾಗ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹೋಗುವ ಯೋಜನೆಯಿದೆ, ಅದಕ್ಕೂ ಮುಂಚೆ ಸ್ಟೆಪ್ನಿ ಸೇರಿ ಮೂರನ್ನೂ ಬದಲಿಸುತ್ತೇನೆ.