ಆ ಆರ್ಟರಿ ವೇನ್ ಮುಂದೆ ಇದೆಯಾ, ಹಿಂದೆ ಇದೆಯಾ?

ನಾನು ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಊರು ಮಂಡ್ಯ ಕಡೆ, ಕೆಲಸ ಹುಬ್ಬಳ್ಳಿಯಲ್ಲಿ. ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರ ಸ್ಕ್ಯಾನನ್ನು ನಾನು ವರ್ಷಗಟ್ಟಲೆ ಒಂದೇ ರೀತಿ ಮಾಡುತ್ತಿದ್ದೆ. ಕಾಂಟ್ರಾಸ್ಟ್ (ರಕ್ತನಾಳಗಳು ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣೋ ಹಾಗೆ ಮಾಡುವ ಮದ್ದು) ಕೊಡೋದು, ಸುಮಾರು 70 ಸೆಕೆಂಡ್ ಬಿಟ್ಟು ಒಂದು ಸಲ ಸ್ಕ್ಯಾನ್ ಓಡಿಸೋದು, ಮುಗೀತು. ಗಡ್ಡೆ ಎಲ್ಲಿದೆ, ಗ್ರಂಥಿಗಳು ಊದಿವೆಯಾ, ಲಿವರ್‌ಗೆ ಹರಡಿದೆಯಾ ಅಂತ ರಿಪೋರ್ಟ್ ಬರುತ್ತಿತ್ತು. ಅಷ್ಟು ಸಾಕು ಅಂದುಕೊಂಡಿದ್ದೆ.

ಒಂದು ಸಂಜೆ ನಮ್ಮಲ್ಲಿಗೆ ಹೊಸದಾಗಿ ಬಂದ ಸರ್ಜನ್ ಒಬ್ಬರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರಲ್ಲಿ ನಾಲ್ಕು ಫಿಲ್ಮ್. ಹಾವೇರಿ ಹತ್ತಿರದ ಹಳ್ಳಿಯ ಅಜ್ಜಿಯೊಬ್ಬರು ಬೇರೆ ಒಂದು ಸೆಂಟರ್‌ನಲ್ಲಿ ಮಾಡಿಸಿಕೊಂಡು ಬಂದ ಸ್ಕ್ಯಾನ್ ಅದು. "ಇವರ ಇಲಿಯೋಕೋಲಿಕ್ ಆರ್ಟರಿ ವೇನ್ ಮುಂದೆ ಹೋಗುತ್ತಾ, ಹಿಂದೆ ಹೋಗುತ್ತಾ? ನೋಡಿ ಹೇಳ್ತೀರಾ?" ಅಂತ ಕೇಳಿದರು. ಅಜ್ಜಿಯ ಗಡ್ಡೆ ಇದ್ದ ಬಲಗಡೆಯ ದೊಡ್ಡ ಕರುಳಿಗೆ ರಕ್ತ ತರುವ ನಾಳ ಅದು; ವೇನ್ ಅಂದರೆ ರಕ್ತವನ್ನು ವಾಪಸ್ ಒಯ್ಯುವ ನಾಳ. ನನಗೆ ಹೇಳೋಕೆ ಆಗಲಿಲ್ಲ. ಫಿಲ್ಮ್‌ನಲ್ಲಿ ಆರ್ಟರಿಗಳೆಲ್ಲ ಮಂಕಾಗಿದ್ದವು, ಒಂದೊಂದು ಸ್ಲೈಸ್, ಅಂದರೆ ದೇಹವನ್ನು ಅಡ್ಡ ಕೊಯ್ದ ಹಾಗೆ ಕಾಣುವ ಪದರ, 5 ಮಿಲಿಮೀಟರ್ ದಪ್ಪ. ಆ ಸೆಂಟರ್‌ಗೆ ಫೋನ್ ಮಾಡಿ ತೆಳು ಸ್ಲೈಸ್ ಕಳಿಸ್ತೀರಾ ಅಂದರೆ, ಮಷಿನ್‌ನಲ್ಲಿ ಜಾಗ ಇಲ್ಲ ಅಂತ ಅಳಿಸಿಬಿಟ್ಟಿದ್ದೇವೆ ಅಂದರು. ಅದು ಎಲ್ಲ ಕಡೆ ನಡೆಯೋ ಮಾತೇ, ನಾನೂ ಅಳಿಸಿದ್ದೇನೆ.

ಅವತ್ತು ಅವರು ಬಿಡಿಸಿ ಹೇಳಿದ್ದು ನನ್ನ ತಲೆಯಲ್ಲಿ ಹಾಗೇ ಉಳಿದಿದೆ. ನಾನೂ ಅದೇ ರೀತಿ ಹೇಳುತ್ತೇನೆ.

ವೀಳ್ಯದೆಲೆ ನೋಡಿ. ತೊಟ್ಟಿನಿಂದ ನರಗಳು ಕವಲೊಡೆದು ಎಲೆಯ ಅಂಚಿನವರೆಗೆ ಹೋಗುತ್ತವೆ. ಕರುಳು ಅಂದರೆ ಆ ಅಂಚು. ಕರುಳಿಗೆ ರಕ್ತ ತರುವ ನಾಳಗಳು ಕೊಬ್ಬಿನ ಒಂದು ಪದರದೊಳಗೆ ಹೀಗೇ ಹರಡಿರುತ್ತವೆ. ಅವುಗಳ ಗುಂಟ ಹಾಲ್ರಸ ಗ್ರಂಥಿಗಳು, ಅಂದರೆ ಲಿಂಫ್ ನೋಡ್‌ಗಳು, ಸಾಲಾಗಿ ಕೂತಿರುತ್ತವೆ. ಅಂಚಿನಲ್ಲಿ ಹುಟ್ಟಿದ ಕ್ಯಾನ್ಸರ್ ಗ್ರಂಥಿಗಳಿಗೆ ಹರಡುವಾಗ ನರದ ಗುಂಟ ತೊಟ್ಟಿನ ಕಡೆಗೇ ಹೋಗುತ್ತೆ. ಹಾಗಾಗಿ ಸರ್ಜನ್ ಬರೀ ಗಡ್ಡೆ ಇರುವ ಕರುಳನ್ನು ಕತ್ತರಿಸಿದರೆ ಸಾಲದು. ಆ ಭಾಗಕ್ಕೆ ರಕ್ತ ತರುವ ನಾಳವನ್ನು ಬುಡದಲ್ಲೇ ಕಟ್ಟಿ, ಕೊಬ್ಬಿನ ಪದರವನ್ನು ಹರಿಯದೆ ಇಡಿಯಾಗಿ ತೆಗೆಯಬೇಕು. ಜರ್ಮನಿಯ ಎರ್ಲಾಂಗೆನ್‌ನ ವೆರ್ನರ್ ಹೋಹೆನ್‌ಬರ್ಗರ್ ಮತ್ತು ಅವರ ತಂಡ 2009ರಲ್ಲಿ ಈ ವಿಧಾನದ ಬಗ್ಗೆ ಬರೆದ ಮೇಲೆ ಇದಕ್ಕೆ ಸಿಎಂಇ (ಕಂಪ್ಲೀಟ್ ಮೀಸೋಕೋಲಿಕ್ ಎಕ್ಸಿಷನ್) ಅನ್ನೋ ಹೆಸರು ಚಾಲ್ತಿಗೆ ಬಂತು. ಜಪಾನಿನವರು ಬುಡದವರೆಗೆ ಗ್ರಂಥಿ ತೆಗೆಯುವುದನ್ನು ಡಿ3 ಅನ್ನುತ್ತಾರೆ.

ಬುಡ ಅಂದರೆ ಎಲ್ಲಿ? ಬಲಗಡೆಯ ದೊಡ್ಡ ಕರುಳಿಗೆ ಬುಡ ಅಂದರೆ ಎಸ್‌ಎಂಎ ಅನ್ನೋ ದೊಡ್ಡ ಆರ್ಟರಿ. ಅದರ ಬಲಕ್ಕೆ ಎಸ್‌ಎಂವಿ ಅನ್ನೋ ವೇನ್, ಕಿರುಬೆರಳಿನಷ್ಟು ದಪ್ಪ, ಗೋಡೆ ಮಾತ್ರ ತೆಳು. (ಸ್ಕೂಲಲ್ಲಿ ಅಪಧಮನಿ, ಅಭಿಧಮನಿ ಅಂತ ಓದಿದ್ದೇವೆ. ಕಿವಿಗೆ ಎರಡೂ ಒಂದೇ ಥರ ಕೇಳುತ್ತೆ, ಅದಕ್ಕೆ ಇಲ್ಲಿ ಆರ್ಟರಿ, ವೇನ್ ಅಂತಲೇ ಬರೆಯುತ್ತೇನೆ.) ಎಸ್‌ಎಂಎಯಿಂದ ಹೊರಟ ಇಲಿಯೋಕೋಲಿಕ್ ಆರ್ಟರಿ ಬಲಗಡೆ ಬರಬೇಕಾದರೆ ಆ ವೇನನ್ನು ದಾಟಲೇಬೇಕು. ಕೆಲವರಲ್ಲಿ ಮುಂದಿನಿಂದ ದಾಟುತ್ತೆ, ಕೆಲವರಲ್ಲಿ ಹಿಂದಿನಿಂದ. ಹೆಚ್ಚು ಕಮ್ಮಿ ಅರ್ಧಕ್ಕರ್ಧ. ಹೊರಗಿಂದ ಮನುಷ್ಯನನ್ನು ನೋಡಿ ಹೇಳೋಕೆ ಆಗಲ್ಲ.

ಮುಂದೆ ಇದ್ದರೆ ಕಣ್ಣಿಗೆ ಕಾಣುತ್ತೆ, ಬುಡದಲ್ಲಿ ಕ್ಲಿಪ್ ಹಾಕಬಹುದು. ಹಿಂದೆ ಇದ್ದು ಸರ್ಜನ್‌ಗೆ ಗೊತ್ತಿಲ್ಲದೇ ಹೋದರೆ, ಕತ್ತರಿಸಿದ ತುದಿ ವೇನ್ ಹಿಂದಕ್ಕೆ ಸರಿದುಬಿಡಬಹುದು. ಅಲ್ಲಿ ರಕ್ತ ಬಂದರೆ ಹಿಡಿಯೋದು ಕಷ್ಟ. ಆ ತುದಿಯ ಸುತ್ತ ಇರುವ ಗ್ರಂಥಿಗಳು ಒಳಗೇ ಉಳಿಯುವ ಸಾಧ್ಯತೆಯೂ ಇದೆ. ರೈಟ್ ಕೋಲಿಕ್ ಅನ್ನೋ ಇನ್ನೊಂದು ಆರ್ಟರಿ ಪುಸ್ತಕದ ಚಿತ್ರಗಳಲ್ಲೆಲ್ಲ ಇರುತ್ತೆ, ಆದರೆ ಬಹಳಷ್ಟು ಜನರಲ್ಲಿ ಅದು ಎಸ್‌ಎಂಎಯಿಂದ ಬೇರೆ ಕವಲಾಗಿ ಬರೋದೇ ಇಲ್ಲ. ಇಲ್ಲದ ನಾಳವನ್ನು ಹುಡುಕುತ್ತಾ ಕೊಬ್ಬು ಕೆದಕೋದು ಅಂದರೆ ಸುಮ್ನೆ ಸಮಯ ಹಾಳು, ಅಪಾಯ ಬೇರೆ.

ಎಲ್ಲಕ್ಕಿಂತ ಜಾಸ್ತಿ ಸರ್ಜನ್‌ಗಳು ಹೆದರೋದು ಹೆನ್ಲೆ ಟ್ರಂಕ್‌ಗೆ. 1868ರಲ್ಲಿ ಹೆನ್ಲೆ ಅನ್ನೋ ಜರ್ಮನ್ ಅಂಗರಚನಾ ತಜ್ಞರು ವಿವರಿಸಿದ ವೇನ್ ಅದು. ಉದ್ದ ಒಂದೆರಡು ಸೆಂಟಿಮೀಟರ್ ಅಷ್ಟೇ. ಜಠರದ ಕಡೆಯಿಂದ, ಮೇದೋಜೀರಕ ಗ್ರಂಥಿಯಿಂದ, ಕರುಳಿನಿಂದ ಬಂದ ಸಣ್ಣ ವೇನ್‌ಗಳು ಅಲ್ಲಿ ಸೇರುತ್ತವೆ, ಎಷ್ಟು ಸೇರುತ್ತವೆ, ಹೇಗೆ ಸೇರುತ್ತವೆ ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಕರುಳನ್ನು ಸ್ವಲ್ಪ ಜೋರಾಗಿ ಎಳೆದರೂ ಹರಿಯುತ್ತೆ. ಹಿಂದೆ ಹೊಟ್ಟೆ ತೆರೆದು ಮಾಡುವಾಗ ಸರ್ಜನ್ ಬೆರಳಿಟ್ಟು ನಾಡಿ ಹುಡುಕುತ್ತಿದ್ದರು. ಈಗ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಬಿಟ್ಟು ಮಾಡುವಾಗ, ಬೆರಳಿಗೆ ಜಾಗವೇ ಇಲ್ಲ. ಕಣ್ಣೇ ಎಲ್ಲ, ಕೊಬ್ಬಿನ ಒಳಗೆ ಇರೋದು ಆ ಕಣ್ಣಿಗೂ ಕಾಣಲ್ಲ.

ಅಜ್ಜಿಗೆ ಮತ್ತೆ ಸ್ಕ್ಯಾನ್ ಮಾಡೋದು ಅಂತ ಆಯಿತು. ಅವರಿಗೆ ಆರು ತಿಂಗಳಿಂದ ಸುಸ್ತು, ಹಿಮೋಗ್ಲೋಬಿನ್ 7, ಕಬ್ಬಿಣದ ಗುಳಿಗೆ ನುಂಗಿ ನುಂಗಿ ಸಾಕಾಗಿತ್ತಂತೆ. ಬಲಗಡೆಯ ಗಡ್ಡೆಗಳು ಹೀಗೇ, ಅಲ್ಲಿ ಮಲ ಇನ್ನೂ ನೀರಾಗಿರುವುದರಿಂದ ಬೇಗ ಅಡ್ಡಗಟ್ಟಲ್ಲ, ರಕ್ತ ಮಾತ್ರ ಕಣ್ಣಿಗೆ ಕಾಣದ ಹಾಗೆ ಸೋರುತ್ತಿರುತ್ತೆ. ವಯಸ್ಸಾದವರಿಗೆ ಕಾರಣ ಗೊತ್ತಿಲ್ಲದೆ ರಕ್ತ ಕಮ್ಮಿ ಆದರೆ ಗುಳಿಗೆ ಕೊಟ್ಟು ಸುಮ್ಮನಾಗಬೇಡಿ, ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡೋದು) ಬೇಕಾ ಅಂತ ಡಾಕ್ಟರನ್ನು ಕೇಳಿ. ಇದನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸು ಬರ್ತಿಲ್ಲ.

ಮೊದಲು ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿದೆವು, ಸರಿ ಇತ್ತು. ಕುಡಿಯೋಕೆ ಬಿಳಿ ಔಷಧಿ ಕೊಡಲಿಲ್ಲ, ಬರೀ ನೀರು. ಬಿಳಿ ಔಷಧಿ ಕರುಳೊಳಗೆ ಬೆಳ್ಳಗೆ ಹೊಳೆದರೆ ಪಕ್ಕದ ನಾಳಗಳನ್ನು ಬಿಡಿಸಿ ನೋಡೋದು ಕಷ್ಟ. ತೋಳಿನ ನರ ಸಿಗೋಕೆ ಹತ್ತು ನಿಮಿಷ ಹಿಡಿಯಿತು, ರಕ್ತ ಕಮ್ಮಿ ಇದ್ದವರ ಕೈ ಹಾಗೇ. "ಅಜ್ಜಿ, ಮದ್ದು ಹೋಗುವಾಗ ಮೈಯೆಲ್ಲಾ ಬಿಸಿ ಆಗುತ್ತೆ, ಮೂತ್ರ ಹೋದ ಹಾಗೆ ಅನಿಸುತ್ತೆ, ಹೋಗಿರಲ್ಲ, ಗಾಬರಿ ಆಗಬೇಡಿ" ಅಂದೆ. ಕಾಂಟ್ರಾಸ್ಟ್ ಸೆಕೆಂಡಿಗೆ 4 ಎಂಎಲ್ ಹೋಗುವ ಹಾಗೆ ಇಂಜೆಕ್ಟರ್ ಇಟ್ಟು, ಹೊಟ್ಟೆಯ ಮಹಾಧಮನಿಯ ಮೇಲೆ ಸಣ್ಣ ವೃತ್ತ ಹಾಕಿ ಸ್ಕ್ರೀನ್ ನೋಡುತ್ತಾ ಕೂತೆ. ವೃತ್ತದೊಳಗೆ ಬೆಳಕು ಏರಿದ ಕೂಡಲೇ ಸ್ಕ್ಯಾನ್ ಓಡಬೇಕು, ಅದು ಆರ್ಟರಿ ಫೇಸ್. ಆಮೇಲೆ 70 ಸೆಕೆಂಡ್ ಹತ್ತಿರ ಇನ್ನೊಮ್ಮೆ, ಆಗ ವೇನ್‌ಗಳು ತುಂಬಿರುತ್ತವೆ. ಎರಡು ಸಲವೂ ಅಜ್ಜಿ ಉಸಿರು ಬಿಗಿ ಹಿಡಿದರು. ಹೊರಗೆ ಬಂದ ಮೇಲೆ, "ತಮ್ಮಾ, ಮೈಯೆಲ್ಲಾ ಕಾದ ಹಂಚಿನಂಗ ಆತು ನೋಡು. ನೀ ಮೊದಲ ಹೇಳಿದ್ದಿ ಅಂತ ಸುಮ್ನ ಮಲಗಿದ್ನಿ" ಅಂದರು.

ಎರಡು ಫೇಸ್ ಅಂದರೆ ರೇಡಿಯೇಷನ್ ಜಾಸ್ತಿ, ಅದನ್ನು ಮುಚ್ಚಿಡಲ್ಲ. ಸುಮ್ನೆ ಹೊಟ್ಟೆನೋವು ಅಂತ ಬಂದವರಿಗೆಲ್ಲ ಹೀಗೆ ಮಾಡೋದು ತಪ್ಪು. ಆದರೆ ಕ್ಯಾನ್ಸರ್ ಆಪರೇಷನ್‌ಗೆ ಹೋಗುವವರಿಗೆ ಆ ಲೆಕ್ಕ ಬೇರೆ ಅಂತ ನಾನು ನಂಬುತ್ತೇನೆ.

ಆಮೇಲೆ ನಮ್ಮ ರೇಡಿಯಾಲಜಿಸ್ಟ್ ಮೇಡಂ, ಸರ್ಜನ್, ನಾನು ಮೂವರೂ ವರ್ಕ್‌ಸ್ಟೇಷನ್ ಮುಂದೆ ಕೂತೆವು. 1 ಮಿಲಿಮೀಟರ್ ಸ್ಲೈಸ್‌ಗಳು. ಮೇಡಂ ಮೌಸ್ ಉರುಳಿಸುತ್ತಾ ಕೆಳಗಿನಿಂದ ಮೇಲಕ್ಕೆ ಹೋದರು. ಬೆಳ್ಳಗಿನ ಒಂದು ಚುಕ್ಕೆ, ಎರಡು ಮೂರು ಮಿಲಿಮೀಟರ್ ಇರಬೇಕು, ಬಲದಿಂದ ಮಧ್ಯಕ್ಕೆ ಸರಿಯುತ್ತಾ ಬಂತು, ವೇನ್ ಹತ್ತಿರ ಬಂತು, ಅದರ ಹಿಂದಕ್ಕೆ ಹೊಕ್ಕಿತು, ಆಚೆ ಕಡೆ ಎದ್ದು ಎಸ್‌ಎಂಎಗೆ ಸೇರಿತು. "ಹಿಂದೆ" ಅಂದರು ಮೇಡಂ. ರೈಟ್ ಕೋಲಿಕ್ ಇರಲಿಲ್ಲ. ಹೆನ್ಲೆ ಟ್ರಂಕ್‌ಗೆ ಕರುಳಿನ ಕಡೆಯಿಂದ ಒಂದೇ ವೇನ್ ಸೇರುತ್ತಿತ್ತು. ಸರ್ಜನ್ ಒಂದು ಹಾಳೆಯ ಮೇಲೆ ಪೆನ್ನಿನಿಂದ ಬರೆದುಕೊಂಡರು, ವೇನ್‌ಗೆ ನೀಲಿ, ಆರ್ಟರಿಗೆ ಕೆಂಪು. ಆಮೇಲೆ ನಾನು ಮೂರು ಆಯಾಮದ ಚಿತ್ರ ಮಾಡಿಕೊಟ್ಟೆ, ತಿರುಗಿಸಿ ನೋಡೋ ಹಾಗೆ. ನಾರ್ವೆಯಲ್ಲಿ ಡೇಯಾನ್ ಇಗ್ನ್ಯಾಟೊವಿಚ್ ಅನ್ನೋ ಸರ್ಜನ್ ಮತ್ತು ಅವರ ಜೊತೆಯವರು ಬಲಗಡೆಯ ಆಪರೇಷನ್‌ಗೆ ಮುಂಚೆ ಹೀಗೆ ಪ್ರತಿ ರೋಗಿಯದ್ದೇ ಮೂರು ಆಯಾಮದ ನಕ್ಷೆ ಮಾಡಿಕೊಂಡು ಡಿ3 ಮಾಡುತ್ತಾರೆ ಅಂತ ಅವತ್ತೇ ಗೊತ್ತಾಯಿತು. ದುಬಾರಿ ಸಾಫ್ಟ್‌ವೇರ್ ಬೇಕು ಅಂತಿಲ್ಲ, 3ಡಿ ಸ್ಲೈಸರ್ ಉಚಿತವಾಗಿಯೇ ಸಿಗುತ್ತೆ. ಅದರಲ್ಲಿ ಕೈ ಕುದುರೋಕೆ ನನಗೆ ಒಂದು ತಿಂಗಳು ಬೇಕಾಯಿತು.

ನಕ್ಷೆಯಲ್ಲಿ ಎಲ್ಲವೂ ಸಿಗಲ್ಲ. ಮಿಲಿಮೀಟರ್‌ಗಿಂತ ಸಣ್ಣ ಕವಲುಗಳು ಜಾರಿಹೋಗುತ್ತವೆ. ಸ್ಕ್ಯಾನ್‌ನಲ್ಲಿ ರೋಗಿ ಅಂಗಾತ ಮಲಗಿರುತ್ತಾರೆ, ಓಟಿಯಲ್ಲಿ ಟೇಬಲ್ ಓರೆ ಮಾಡಿ, ಹೊಟ್ಟೆಗೆ ಗ್ಯಾಸ್ ತುಂಬಿ, ಕರುಳನ್ನು ಎತ್ತಿ ಹಿಡಿದಾಗ ನಾಳಗಳ ದಿಕ್ಕೇ ಬದಲಾಗುತ್ತೆ. ಅದಕ್ಕೇ ಸರ್ಜನ್ ತಾವೇ ಕೂತು ನೋಡಬೇಕು, ಬರೀ ರಿಪೋರ್ಟ್ ಓದಿದರೆ ಆಗಲ್ಲ.

ಎಡಗಡೆಯ ಆಪರೇಷನ್‌ಗೂ ಇದು ಬೇಕು. ಐಎಂಎ ಅನ್ನೋ ಆರ್ಟರಿಯಿಂದ ಲೆಫ್ಟ್ ಕೋಲಿಕ್ ಆರ್ಟರಿ ಎಲ್ಲಿ ಕವಲೊಡೆಯುತ್ತೆ ಅಂತ ಗೊತ್ತಿದ್ದರೆ ಅದನ್ನು ಉಳಿಸಿಕೊಳ್ಳಬೇಕಾ ಬೇಡವಾ ಅಂತ ಮೊದಲೇ ಯೋಚಿಸಬಹುದು. ಕರುಳಿನ ಎರಡು ತುದಿ ಸೇರಿಸಿ ಹೊಲಿದ ಜಾಗಕ್ಕೆ ರಕ್ತ ಸಾಲದಿದ್ದರೆ ಜೋಡಣೆ ಸೋರಬಹುದು, ಹಾಗಾದರೆ ಜೀವಕ್ಕೇ ಕಂಟಕ.

ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಇದ್ದರೆ ಎರಡು ಮಾತು ಕೇಳಿ. ಸ್ಕ್ಯಾನ್ ಮಾಡಿಸುವಾಗ ಆರ್ಟರಿ ಫೇಸ್ ಇರುತ್ತಾ ಅಂತ. ಮುಗಿದ ಮೇಲೆ ತೆಳು ಸ್ಲೈಸ್ ಇರುವ ಸಿಡಿ ಕೊಡ್ತೀರಾ ಅಂತ. ಅವತ್ತೇ ಕೇಳಿ ತೆಗೆದುಕೊಳ್ಳಿ, ತಿಂಗಳು ಬಿಟ್ಟು ಹೋದರೆ ಇರಲ್ಲ. ಫಿಲ್ಮ್ ಎಷ್ಟೇ ಜೋಪಾನವಾಗಿ ಇಟ್ಟುಕೊಂಡರೂ ಅದರಿಂದ ಈ ಕೆಲಸ ಆಗಲ್ಲ.

ಅಜ್ಜಿಯ ಆಪರೇಷನ್ ದಿನ ಮಧ್ಯಾಹ್ನ ಓಟಿಯಿಂದ ಫೋನ್ ಬಂತು. "ಹಿಂದೇನೇ ಇತ್ತು ರೀ, ನೀವು ತೋರಿಸಿದಲ್ಲೇ" ಅಂದರು ಸರ್ಜನ್. ನನ್ನ ಕನ್ಸೋಲ್ ಪಕ್ಕದ ಗೋಡೆಗೆ ಅವತ್ತು ಸಂಜೆ ಒಂದು ಚೀಟಿ ಅಂಟಿಸಿದೆ, ಇವತ್ತಿಗೂ ಇದೆ: ಕರುಳಿನ ಕ್ಯಾನ್ಸರ್, ಆಪರೇಷನ್ ಇದ್ದರೆ ನೀರು, ಎರಡು ಫೇಸ್, 1 ಎಂಎಂ, ಅಳಿಸಬೇಡಿ.