ಹುಳಕ್ಕೆ ಹೀಟರು, ನಮಗೆ ಕಂಬಳಿ

ಸಂಕ್ರಾಂತಿಗೆ ಒಂದು ವಾರ ರಜೆ ಹಾಕಿ ಊರಿಗೆ ಬರ್ತೀವಿ ಅಂತ ಡಿಸೆಂಬರಿನಲ್ಲೇ ಅಮ್ಮನಿಗೆ ಫೋನ್ ಮಾಡಿದ್ದೆ. "ಬಾ ಬಾ" ಅಂದಳು. ಸ್ವಲ್ಪ ತಡೆದು, "ಯಾವತ್ತು ಅಂದೆ?" ಅಂತ ಮತ್ತೆ ಕೇಳಿದಳು. ಆಗಲೇ ನನಗೆ ಹೊಳೀಬೇಕಿತ್ತು. ಮದುವೆಯಾಗಿ ಮಂಗಳೂರು ಸೇರಿ ಹತ್ತು ವರ್ಷವಾದರೆ ಬುದ್ಧಿಗೂ ಉಪ್ಪುಗಾಳಿ ಹೊಡೆಯುತ್ತೋ ಏನೋ.

ನಮ್ಮೂರು ಶಿಡ್ಲಘಟ್ಟದಿಂದ ಸ್ವಲ್ಪ ಒಳಗೆ. ದೇವನಹಳ್ಳಿ, ವಿಜಯಪುರ ದಾಟಿ ಬಸ್ಸು ಪೇಟೆಗೆ ಹತ್ತಿರವಾದಂತೆ ರೇಷ್ಮೆ ನೂಲು ಬಿಚ್ಚೋ ಮನೆಗಳಿಂದ ಬೆಂದ ಹುಳದ ವಾಸನೆ ಕಿಟಕಿಗೇ ಬಂದು ಸ್ವಾಗತ ಮಾಡುತ್ತೆ. ನಮ್ಮೆಜಮಾನರು ಕರವಸ್ತ್ರ ತೆಗೆದರು. ವರ್ಷಗಟ್ಟಲೆ ಒಣಮೀನಿನ ಅಂಗಡಿ ಮುಂದೆ ಆರಾಮಾಗಿ ನಿಂತು ಮಾತಾಡೋ ಮನುಷ್ಯ! ನಾನು ಮಾತ್ರ ಮೂಗು ತುಂಬ ಎಳೆದುಕೊಂಡೆ. ಹೈಸ್ಕೂಲಿನಲ್ಲಿ ನನ್ನ ಯೂನಿಫಾರಂ ಹಿಪ್ಪುನೇರಳೆ ಸೊಪ್ಪು, ಹಿಕ್ಕೆ, ಸುಣ್ಣ ಮೂರೂ ಬೆರೆತ ವಾಸನೆ ಹೊಡೀತಿತ್ತು. ಪೇಟೆಯ ಹುಡುಗಿಯರ ಪಕ್ಕ ಕೂರೋಕೆ ನಾಚಿಕೆಯಾಗ್ತಿತ್ತು.

ಮನೆ ಬಾಗಿಲಿಗೆ ಬಂದರೆ ಹೊಸ್ತಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಿದ ಗೋಣಿಚೀಲ. "ಕಾಲು ಒತ್ತಿ ಬಾರಮ್ಮಿ, ಪಡಸಾಲೇಲಿ ಉಳ ಐತೆ" ಅಂತ ಅಮ್ಮ ಒಳಗಿಂದಲೇ ಕೂಗಿದಳು. ಹೇಗಿದ್ದೀಯ, ಮೊಮ್ಮಗಳು ಎಷ್ಟುದ್ದ ಆದಳು, ಅದೆಲ್ಲ ಆಮೇಲೆ.

ಆಗಿದ್ದಿಷ್ಟು. ಅಣ್ಣನ ಹುಳಮನೆಗೆ ಹಿಡಿಸೋದು 200 ಮೊಟ್ಟೆಯ ಬೆಳೆ. ಹಬ್ಬದ ಹೊತ್ತಿಗೆ ರೇಟು ಚೆನ್ನಾಗಿರುತ್ತೆ ಅಂತ ಯಾರೋ ಕಿವಿಯೂದಿ ಈ ಸಲ 250 ತಂದಿದ್ದ. ಒಂದು ಮೊಟ್ಟೆ ಅಂದರೆ ಒಂದೇ ಮೊಟ್ಟೆಯಲ್ಲ. ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಗಳ ಲೆಕ್ಕ. ಹಾಗಾಗಿ ಮಿಕ್ಕ 50 ಮೊಟ್ಟೆಯ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಹುಳಗಳು ಅಪ್ಪನ ಕಾಲದ ಬಿದಿರು ತಟ್ಟೆಗಳಲ್ಲಿ, ನಾವು ಮಲಗಬೇಕಾದ ಪಡಸಾಲೆಯಲ್ಲಿ ಬಿಡಾರ ಹೂಡಿದ್ದವು. ನಾಲ್ಕನೇ ಜ್ವರ ಎದ್ದು ನಾಲ್ಕು ದಿನವಾಗಿತ್ತಂತೆ. ಹುಳ ಪೊರೆ ಬಿಡೋಕೆ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನಾಗಿಬಿಡುತ್ತೆ. ಅದಕ್ಕೇ ನಮ್ಮ ಕಡೆ ಜ್ವರ ಅನ್ನೋದು. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಅವನ್ನು ಹಿಡಿಯೋರಿಲ್ಲ. ಹುಟ್ಟಿದಾಗಿನಿಂದ ತಿನ್ನೋ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಈ ಕೊನೆಯ ಏಳೆಂಟು ದಿನದಲ್ಲೇ ಖಾಲಿ ಮಾಡ್ತವೆ.

ಜನವರಿಯ ಚಳಿಗೆ ಹುಳ ಮಂಕಾಗುತ್ತೆ ಅಂತ ಪಡಸಾಲೆಯಲ್ಲಿ ಹೀಟರ್ ಉರೀತಿತ್ತು. ನಮಗೆ ಒಳಕೋಣೆ, ನೆಲದ ಮೇಲೆ ಚಾಪೆ, ಮೂರು ಜನಕ್ಕೆ ಎರಡು ಕಂಬಳಿ. "ಹೀಟರ್ ಒಂದೇ ಇರೋದಾ?" ಅಂತ ಕೇಳಿದ್ದಕ್ಕೆ ಅತ್ತಿಗೆ ನಕ್ಕು, "ನೀವು ಗೂಡು ಕಟ್ತೀರಾ ಹೇಳಿ, ಕೊಡ್ತೀನಿ" ಅಂದಳು.

ನಡುರಾತ್ರಿ ನಮ್ಮೆಜಮಾನರು ದಡಕ್ಕನೆ ಎದ್ದು ಕೂತರು. "ಮಳೆ ಮಾರಾಯ್ತಿ, ಬಟ್ಟೆ ಹೊರಗಿದೆ." ಕರಾವಳಿಯವರಿಗೆ ಮಳೆಯ ಸದ್ದು ಕೇಳಿದರೆ ಮೊದಲು ನೆನಪಾಗೋದು ಬಟ್ಟೆಯೇ. ಬಾಗಿಲು ತೆಗೆದರೆ ಆಕಾಶದ ತುಂಬ ನಕ್ಷತ್ರ. ಹಿಂದೆ ಪಡಸಾಲೆಯಲ್ಲಿ ಇಪ್ಪತ್ತು ಸಾವಿರ ಬಾಯಿಗಳು ಸರಸರ ಅಂತ ಸೊಪ್ಪು ಮೇಯ್ತಿದ್ದವು. ಅವರು ಬಾಗಿಲಲ್ಲೇ ನಿಂತು ಎಷ್ಟೋ ಹೊತ್ತು ಕೇಳಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಮಂಗಳೂರಿನಲ್ಲಿ ಮಲೇರಿಯಾದ ಭಯ. ಸಂಜೆಯಾದರೆ ದೀಪ ಹಚ್ಚಿದಷ್ಟೇ ಸಹಜವಾಗಿ ಸೊಳ್ಳೆ ಓಡಿಸೋ ಮೆಷಿನ್ನನ್ನು ಪ್ಲಗ್ಗಿಗೆ ಚುಚ್ಚುತ್ತೇವೆ. ಅದನ್ನು ಬ್ಯಾಗಿಗೆ ಹಾಕಿಕೊಂಡವಳು ನಾನೇ. ಎರಡನೇ ರಾತ್ರಿ ಮಗಳ ಕೈಗೆ ಸೊಳ್ಳೆ ಕಚ್ಚಿತ್ತು ಅಂತ ಒಳಕೋಣೆಯಲ್ಲಿ ಹಾಕಿದವಳೂ ನಾನೇ. ನಮ್ಮದು ಹಳೇ ಹೆಂಚಿನ ಮನೆ, ಕೋಣೆಯ ಗೋಡೆ ಸೂರಿನವರೆಗೆ ಹೋಗೋದಿಲ್ಲ. ಬೆಳಗಿನ ಜಾವ ಸೊಪ್ಪು ಹಾಕೋಕೆ ಎದ್ದ ಅಮ್ಮನ ದನಿಗೆ ಎಚ್ಚರವಾಯ್ತು: "ಅದೇಮಿ ವಾಸನ? ಎವರು ಪೆಟ್ಟಿಂದಿ ಇದಿ?" ಅಮ್ಮ ಮಾತಾಡೋದು ಕನ್ನಡ, ಲೆಕ್ಕ ಹಾಕೋದು ಮತ್ತು ಸಿಟ್ಟಾಗೋದು ತೆಲುಗಿನಲ್ಲಿ. ಪ್ಲಗ್ಗಿನಿಂದ ಕಿತ್ತು ಅಂಗಳಕ್ಕೆ ಎಸೆದಳು.

ಗೋಡೆಗೆ ಹತ್ತಿರವಿದ್ದ ಮೂರು ತಟ್ಟೆ ಹಾಳಾಗಿತ್ತು. ಹುಳಗಳು ಅರ್ಧ ಮೈ ಮೇಲೆತ್ತಿ ತಲೆ ಅತ್ತಿತ್ತ ಆಡಿಸ್ತಿದ್ದವು, ಬಾಯಿಂದ ಹಸಿರು ನೀರು. ಕೆಲವು ಇಂಗ್ಲಿಷಿನ ಸಿ ಅಕ್ಷರದ ಹಾಗೆ ಮುದುಡಿಕೊಂಡಿದ್ದವು. ಮುಟ್ಟಿದರೆ ತಣ್ಣಗೆ. ಊದುಬತ್ತಿಯನ್ನೂ ಹಚ್ಚದ ಮನೆ ಅದು. ಅಪ್ಪ ಬೀಡಿ ಸೇದಿದ ದಿನ ಕೈ ತೊಳೆಯದೆ ಹುಳ ಮುಟ್ಟುತ್ತಿರಲಿಲ್ಲ. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದರೆ ವಾರಗಟ್ಟಲೆ ಆ ಕಡೆಯ ಸೊಪ್ಪು ಕುಯ್ಯುತ್ತಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನೇ ಮಾಡಿದೆ. ಅಣ್ಣ ಒಂದು ಮಾತೂ ಆಡದೆ ಮೂರೂ ತಟ್ಟೆ ಹೊತ್ತುಕೊಂಡು ಹೋಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದ. ಬೈದಿದ್ದರೆ ಮೇಲಿತ್ತು. ನಮ್ಮೆಜಮಾನರು ದುಡ್ಡಿನ ಮಾತೆತ್ತಿದಾಗ, "ಭಾವ, ಉಪ್ಪಿಟ್ಟು ಆರ್ತಾ ಐತೆ, ತಿನ್ನಿ" ಅಂದ.

ಸುತ್ತಾಟದ ದೊಡ್ಡ ಪಟ್ಟಿಯೊಂದು ಇತ್ತು. ನಂದಿಯ ಭೋಗನಂದೀಶ್ವರ, ಗುಡಿಬಂಡೆ ಕೋಟೆ, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದವರ ಮೇಲೆ ಗುಂಡು ಹಾರಿದ ವಿದುರಾಶ್ವತ್ಥ. ಇವರಿಗೆ ಕೊನೆಯದನ್ನು ನೋಡೋ ಆಸೆ ಜಾಸ್ತಿಯಿತ್ತು. ಆದರೆ ಮನೆಯಲ್ಲಿ ಎಲ್ಲರ ಕೈಯಲ್ಲೂ ಸೊಪ್ಪಿನ ಹೊರೆ ಇರುವಾಗ ನಾವು ಕ್ಯಾಮರಾ ಹಿಡಿದು ಹೊರಡೋಕೆ ಮನಸ್ಸಾಗಲಿಲ್ಲ. ಮೂರು ತಟ್ಟೆಯ ಋಣ ಬೇರೆ. ಕೊನೆಗೆ ಅಮ್ಮನೇ ಒಂದು ಮಧ್ಯಾಹ್ನ ಬಲವಂತವಾಗಿ ಕೈವಾರಕ್ಕೆ ಕಳಿಸಿದಳು, ಆರು ಗಂಟೆಯ ಸೊಪ್ಪಿಗೆ ವಾಪಸ್ ಇರಬೇಕು ಅನ್ನೋ ಷರತ್ತಿನ ಮೇಲೆ.

ದಾರಿಯಲ್ಲಿ ನಮ್ಮೂರ ಕೆರೆ ಸಿಗುತ್ತೆ. ನಾನು ಓದುವಾಗ ಅದು ಹುಡುಗರು ಕ್ರಿಕೆಟ್ ಆಡೋ ಬಯಲು. ಈಗ ನೀರಿದೆ, ಕೊಕ್ಕರೆ ಇವೆ. ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಕೊಳಚೆಯನ್ನು ಶುದ್ಧಿ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸೋ ಯೋಜನೆಯ ನೀರು. ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಕೊಡಿ ಅಂತ ಇಲ್ಲಿನ ಹೋರಾಟಗಾರರು ಕೇಳ್ತಾನೇ ಇದ್ದಾರೆ. ಅಣ್ಣನ ಪ್ರಕಾರ, 1,200 ಅಡಿ ಕೊರೆಸಿ ಬರೀ ಧೂಳು ನೋಡಿದ ಬೋರಿನಲ್ಲಿ ಈಗ ನೀರು ಬರ್ತಿದೆ. ಆ ನೀರನ್ನೇ ಕುಡೀತೀಯಾ ಅಂದರೆ ಇಲ್ಲ, ಕುಡಿಯೋಕೆ ಕ್ಯಾನ್ ನೀರು.

ಕೈವಾರದ ಸಂತಕವಿ ತಾತಯ್ಯನವರು ಬಳೆ ಮಾರ್ತಿದ್ದವರು. 1726ರಲ್ಲಿ ಹುಟ್ಟಿ 110 ವರ್ಷ ಬದುಕಿದರು ಅನ್ನೋದು ಪ್ರತೀತಿ. ತೆಲುಗು ಕನ್ನಡ ಎರಡರಲ್ಲೂ ಹಾಡಿದವರು, ಅದಕ್ಕೇ ಅಮ್ಮನಿಗೆ ಅವರು ಮನೆಯ ಹಿರಿಯರಿದ್ದ ಹಾಗೆ. ಮಠದಲ್ಲಿ ಊಟ ಮಾಡಿದ್ವಿ. ಇದೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದಿದ್ದು ಇಲ್ಲೇ ಅಂತಾರೆ. ದಿನಾ ಬಂಡಿ ಅನ್ನ ತಿನ್ನೋ ರಾಕ್ಷಸನ ಕತೆ ಹೇಳ್ತಿದ್ದೆ. ಮಗಳು ನಡುವೆ ಬಾಯಿ ಹಾಕಿ, "ಅಜ್ಜಿ ಮನೇಲಿ ಇದ್ದಾವಲ್ಲ, ಅವೂ ಹಾಗೇನಾ?" ಅಂದಳು. ಆರಕ್ಕೆ ಹತ್ತು ನಿಮಿಷ ಇರುವಾಗ ಮನೆ ಮುಟ್ಟಿದ್ವಿ.

ಹಬ್ಬದ ದಿನ ಅಮ್ಮ ಹಿತಕಿದಬೇಳೆ ಸಾರಿಗೆ ಒಗ್ಗರಣೆ ಹಾಕ್ತಿದ್ದಳು. ಪಡಸಾಲೆಯಿಂದ ಅತ್ತಿಗೆ, "ಅತ್ತೇ, ಉಳ ಹಣ್ಣಾಗೈತೆ!" ಅಂತ ಕೂಗಿದಳು. ಹಣ್ಣಾಯ್ತು ಅಂದರೆ ಗೂಡು ಕಟ್ಟೋ ಹೊತ್ತು ಬಂತು ಅಂತ. ಒಲೆ ಆರಿತು. ಅಕ್ಕಪಕ್ಕದ ಮನೆಯವರೆಲ್ಲ ಎಳ್ಳು ಬೀರೋಕೆ ಉಟ್ಟ ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದರು.

ಹಣ್ಣಾದ ಹುಳವನ್ನು ಮಗಳ ಅಂಗೈಯಲ್ಲಿಟ್ಟೆ. ನಿನ್ನೆಯವರೆಗೆ ಬೂದುಬಿಳಿ ಇದ್ದದ್ದು ಇವತ್ತು ಮಾಗಿದ ದ್ರಾಕ್ಷಿಯ ಹಾಗೆ ಹಳದಿಗೆ ತಿರುಗಿ ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣೋ ಹಾಗಿತ್ತು. ಮೈ ಸ್ವಲ್ಪ ಗಿಡ್ಡವಾಗಿತ್ತು. ಸೊಪ್ಪು ಕೊಟ್ಟರೆ ಮುಖ ತಿರುಗಿಸಿತು. ತಲೆಯೆತ್ತಿ ಗಾಳಿಯಲ್ಲಿ ಏನೋ ಹುಡುಕಿ, ಅವಳ ಕಿರುಬೆರಳಿಂದ ಉಂಗುರದ ಬೆರಳಿಗೆ ಒಂದು ಎಳೆ ಹಾಕಿಬಿಟ್ಟಿತು. ಕಣ್ಣಿಗೆ ಕಾಣಲ್ಲ, ಬೆರಳು ಅಗಲಿಸಿದರೆ ಮಾತ್ರ ಗೊತ್ತಾಗುತ್ತೆ. "ಅಮ್ಮಾ, ನನ್ನ ಕಟ್ಟಿಹಾಕ್ತಿದೆ" ಅಂದಳು. ಅಷ್ಟರಲ್ಲಿ ಅದು ಅಂಗೈಯಲ್ಲೇ ಉಚ್ಚೆ ಹೊಯ್ಯಿತು. ಗೂಡು ಕಟ್ಟೋ ಮುಂಚೆ ಎಲ್ಲವೂ ಹಾಗೇ, ಹೊಟ್ಟೆ ಖಾಲಿ ಮಾಡಿಕೊಂಡೇ ಕೂರೋದು.

ರಾತ್ರಿ ಹತ್ತರವರೆಗೆ ಆಯ್ದು ಆಯ್ದು ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟೋ ಬಿದಿರು ತಟ್ಟಿಗೆ, ಹಾಕಿದ್ವಿ. ಬಿದಿರಿನ ಸುರುಳಿಗಳ ಸಂದಿನಲ್ಲಿ ಒಂದೊಂದೇ ಜಾಗ ಹಿಡಿದು ಕೂತವು. ಹನ್ನೊಂದಕ್ಕೆ ತಣ್ಣನೆ ಮುದ್ದೆ, ತಣ್ಣನೆ ಹಿತಕಿದಬೇಳೆ ಸಾರು. ಪಾತ್ರೆ ಖಾಲಿಯಾಯಿತು. ಮೇವು ನಿಂತ ಮನೆಯಲ್ಲಿ ಆ ರಾತ್ರಿ ಸದ್ದೇ ಇರಲಿಲ್ಲ. ಇವರಿಗೆ ನಿದ್ದೆ ಬರಲಿಲ್ಲವಂತೆ.

ಗೂಡು ಬಿಡಿಸೋಕೆ ಇನ್ನೂ ನಾಲ್ಕೈದು ದಿನ ಬೇಕಿತ್ತು, ನಮ್ಮ ರಜೆ ಮುಗಿದಿತ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಮಗಳನ್ನು ಕರೆದುಕೊಂಡು ಹೋಗಬೇಕು ಅಂತಿದ್ದೆ. ಅಪ್ಪನ ಜೊತೆ ನಾನು ಹೋಗ್ತಿದ್ದಾಗ ನೂಲು ಬಿಚ್ಚೋ ರೀಲರುಗಳು ಬಂದು ಒಂದು ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳದ ಸದ್ದು ಕೇಳಿ ರೇಟು ಕೂಗ್ತಿದ್ದರು. ಈಗ ಹರಾಜೆಲ್ಲ ಮೊಬೈಲಿನಲ್ಲಿ. ಅಲ್ಲಾಡಿಸೋದು ಮಾತ್ರ ಬಿಟ್ಟಿಲ್ಲವಂತೆ.

ವಾರ ಕಳೆದು ಅಮ್ಮನ ಫೋನು. 158 ಕೆಜಿ ತೂಗಿತಂತೆ, ರೇಟು ಆರುನೂರು ದಾಟಿತಂತೆ. ಮೂರು ತಟ್ಟೆಯ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಹೊತ್ತಿಗೆ ಮಗಳ ಸ್ವೆಟರ್ ಒಗೆಯೋಕೆ ಅಂತ ಬಿಡಿಸಿದ್ದೆ. ತೋಳಿನ ಮಡಿಕೆಯಲ್ಲಿ ಗಟ್ಟಿಯಾಗಿ ಅಂಟಿಕೊಂಡಿದ್ದ ಒಂದು ಹಳದಿ ಗೂಡು ಸಿಕ್ಕಿತು. ಚಂದ್ರಿಕೆಗೆ ಹೋಗದೆ ತಪ್ಪಿಸಿಕೊಂಡು ಬಂದದ್ದು, ಮಂಗಳೂರು ಬಸ್ಸು ಹತ್ತಿಬಿಟ್ಟಿದೆ. ಅಮ್ಮನಿಗೆ ಹೇಳಿದೆ.

"ಎರಡು ಗ್ರಾಂ" ಅಂದಳು ತಕ್ಷಣ. "ಮುಂದಿನ ಸಲ ಬರುವಾಗ ತಗೊಂಬಾ. ಆ ಮೆಷಿನ್ನು ಬಿಟ್ಟು ಬಾ."